ಗುಂಡಿ ಒತ್ತುವ ಮುನ್ನ: ವಾಕಿಟಾಕಿ ಮತ್ತು ರಿಪೀಟರ್ ಬಳಸಬಯಸುವ ಉದ್ದಿಮೆದಾರರಿಗೆ

ಕಾರ್ಖಾನೆ, ಗೋದಾಮು, ಕಲ್ಲುಗಣಿ, ಕಾಫಿ ತೋಟ, ಕಲ್ಯಾಣ ಮಂಟಪ, ಹೀಗೆ ಕೆಲಸಗಾರರು ಚದುರಿ ದುಡಿಯುವ ಯಾವ ಸ್ಥಳಕ್ಕೆ ಹೋದರೂ ಒಬ್ಬಿಬ್ಬರ ಸೊಂಟದಲ್ಲಿ ವಾಕಿಟಾಕಿ ನೇತಾಡುತ್ತಿರುವುದನ್ನು ಕಾಣಬಹುದು. ಪ್ರತಿಯೊಬ್ಬರ ಜೇಬಿನಲ್ಲಿಯೂ ಮೊಬೈಲ್ ದೂರವಾಣಿ ಇರುವಾಗ ಇದರ ಅಗತ್ಯವೇನು ಎಂಬ ಪ್ರಶ್ನೆ ಸಹಜವಾದದ್ದೇ. ಮೊಬೈಲಿನಲ್ಲಿ ಸಂಖ್ಯೆ ಒತ್ತಿ, ಕರೆ ಸೇರುವವರೆಗೆ ಕಾದು, ಬಹುಪಾಲು ಒಬ್ಬರೊಡನೆ ಮಾತ್ರ ಮಾತನಾಡುತ್ತೇವೆ. ವಾಕಿಟಾಕಿಯಲ್ಲಿ ಗುಂಡಿ ಒತ್ತಿದ ಮರುಕ್ಷಣವೇ ತಂಡದ ಎಲ್ಲರಿಗೂ ಮಾತು ತಲುಪುತ್ತದೆ. ಕೈಗವಸು ತೊಟ್ಟವನೂ ಅದನ್ನು ಬಳಸಬಲ್ಲನು. ಮೊಬೈಲ್ ಟವರಿನ ಸಂಕೇತ ಸಿಗದ ಮಲೆನಾಡಿನ ಕಣಿವೆಯಲ್ಲಿಯೂ ಅದು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಅನುಕೂಲವಿದ್ದರೂ ನಮ್ಮ ಸಣ್ಣ ಉದ್ದಿಮೆದಾರರಲ್ಲಿ ಅನೇಕರು ಸೆಟ್ಟುಗಳನ್ನು ಕೊಂಡು, ಆರು ತಿಂಗಳ ನಂತರ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ದೂರ ಮುಟ್ಟುವುದಿಲ್ಲ, ಮಾತು ಅರ್ಥವಾಗುವುದಿಲ್ಲ, ಯಾರೋ ಬಂದು ಪರವಾನಗಿ ಕೇಳಿದರು, ಎಂಬಿವೇ ಮೊದಲಾದ ದೂರುಗಳು. ಯಂತ್ರವನ್ನು ಮೊದಲು ಕೊಂಡು ಮಿಕ್ಕ ವಿಚಾರವನ್ನು ಆಮೇಲೆ ಮಾಡಿದ್ದೇ ಈ ದೂರುಗಳಲ್ಲಿ ಹೆಚ್ಚಿನವುಗಳ ಮೂಲ. ಈ ಲೇಖಕನೂ ಅದೇ ದಾರಿಯಲ್ಲಿ ನಡೆದು ಪಾಠ ಕಲಿತವನು.

ಕೆಲವು ವರ್ಷಗಳ ಹಿಂದೆ ನಮ್ಮ ಕಾರ್ಖಾನೆಯ ಅಂಗಳದಲ್ಲಿ ಬಾಡಿಗೆಯ ಕ್ರೇನಿನಿಂದ ಪ್ರೆಸ್ ಯಂತ್ರವೊಂದನ್ನು ಲಾರಿಯಿಂದ ಇಳಿಸುತ್ತಿದ್ದೆವು. ಚಾಲಕನಿಗೆ ಯಂತ್ರದ ಆಚೆಯ ಬದಿ ಕಾಣುತ್ತಿರಲಿಲ್ಲವಾದ್ದರಿಂದ ಕೆಳಗೆ ನಿಂತ ಮೇಲ್ವಿಚಾರಕ ವಾಕಿಟಾಕಿಯಲ್ಲಿ ಸೂಚನೆ ಕೊಡುತ್ತಿದ್ದ. ಯಂತ್ರದ ಅಡಿಯಲ್ಲಿ ಮರದ ದಿಮ್ಮಿ ಸರಿಪಡಿಸಲು ಒಬ್ಬ ಕಾರ್ಮಿಕ ಬಗ್ಗಿದ್ದನ್ನು ಕಂಡು ಆತ ‘ಇಳಿಸಬೇಡ’ ಎಂದ. ಗಾಬರಿಯಲ್ಲಿ ಬೆರಳು ಗುಂಡಿಯಿಂದ ಒಂದು ಕ್ಷಣ ಮೊದಲೇ ಜಾರಿತು. ಚಾಲಕನ ಕಿವಿಗೆ ಬಿದ್ದದ್ದು ‘ಇಳಿಸ’ ಎಂಬಷ್ಟು ಮಾತ್ರ. ಆತ ಇಳಿಸಿದ. ಕಾರ್ಮಿಕ ಹಿಂದಕ್ಕೆ ಹಾರಿದ್ದರಿಂದ ಅವನ ಕಾಲು ಉಳಿಯಿತು. ದಿಮ್ಮಿ ಸೀಳಿಹೋಯಿತು, ಯಂತ್ರದ ಪೀಠದಲ್ಲಿ ಬಿರುಕು ಬಂತು. ಸೆಟ್ಟುಗಳಲ್ಲಿ ದೋಷವಿರಲಿಲ್ಲ. ಅವನ್ನು ಬಳಸುವ ಬಗೆಯನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಈ ಘಟನೆಗೆ ಮುಂದೆ ಮರಳುತ್ತೇನೆ.

ಮೊದಲು ಪರವಾನಗಿಯ ವಿಚಾರ

ಆಕಾಶದಲ್ಲಿ ಹರಿಯುವ ರೇಡಿಯೋ ಆವರ್ತನಗಳು ಸರ್ಕಾರದ ಹಿಡಿತದಲ್ಲಿರುವ ಸಾರ್ವಜನಿಕ ಸ್ವತ್ತು. ನಮ್ಮ ದೇಶದಲ್ಲಿ ಅವುಗಳ ಹಂಚಿಕೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗ, ಅಂದರೆ ಡಬ್ಲ್ಯುಪಿಸಿ, ನೋಡಿಕೊಳ್ಳುತ್ತದೆ. 1885ರ ಟೆಲಿಗ್ರಾಫ್ ಕಾಯಿದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯಿದೆಗಳು ಬಹುಕಾಲ ಈ ಕ್ಷೇತ್ರವನ್ನು ಆಳಿದವು. ಅವುಗಳ ಜಾಗವನ್ನು ತುಂಬಲು 2023ರ ದೂರಸಂಪರ್ಕ ಕಾಯಿದೆ ಬಂದಿದ್ದು, ಅದರ ವಿಧಿಗಳು 2024ರಿಂದ ಹಂತಹಂತವಾಗಿ ಜಾರಿಗೆ ಬಂದಿವೆ. ಹಳೆಯದಿರಲಿ, ಹೊಸದಿರಲಿ, ತಾತ್ಪರ್ಯ ಒಂದೇ: ವಿನಾಯಿತಿ ಇಲ್ಲದ ಆವರ್ತನದ ಸೆಟ್ಟನ್ನು ಅನುಮತಿಯಿಲ್ಲದೆ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ತಪ್ಪು.

ವಿನಾಯಿತಿಯ ದಾರಿಯೊಂದು ಇದೆ. 2018ರ ನಿಯಮಗಳ ಪ್ರಕಾರ 446.0 ರಿಂದ 446.2 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ ಕೆಲಸ ಮಾಡುವ ಅಲ್ಪ ಶಕ್ತಿಯ ವಾಕಿಟಾಕಿಗಳಿಗೆ ಪರವಾನಗಿ ಬೇಡ. ಆದರೆ ಸೆಟ್ಟಿನ ಮಾದರಿಗೆ ಡಬ್ಲ್ಯುಪಿಸಿಯ ಇಟಿಎ, ಅಂದರೆ ಉಪಕರಣ ಮಾದರಿ ಅನುಮೋದನೆ, ಇರತಕ್ಕದ್ದು. ಒಂದು ಎಕರೆ ಎರಡು ಎಕರೆಯ ಕಾರ್ಖಾನೆ, ಮದುವೆಯ ವ್ಯವಸ್ಥೆ, ಬಟ್ಟೆ ಅಂಗಡಿಯ ನಾಲ್ಕು ಮಹಡಿ, ಇಂಥವಕ್ಕೆ ಇಷ್ಟು ಸಾಕು. ಇದನ್ನು ಮೊದಲು ಪ್ರಯತ್ನಿಸದೆ ದೊಡ್ಡ ಸೆಟ್ಟಿಗೆ ಕೈಹಾಕುವುದು ವ್ಯರ್ಥ ಖರ್ಚು ಎಂಬುದು ನನ್ನ ಅಭಿಪ್ರಾಯ.

ತೊಂದರೆ ಬರುವುದು ಬೇರೆ ಕಡೆಯಿಂದ. ಅಂತರ್ಜಾಲ ಮಾರುಕಟ್ಟೆಯಲ್ಲಿ ಅಗ್ಗದ ಬೆಲೆಗೆ ಸಿಗುವ ಅನೇಕ ವಿದೇಶಿ ಸೆಟ್ಟುಗಳು 136 ರಿಂದ 174 ಮತ್ತು 400 ರಿಂದ 470 ಮೆಗಾಹರ್ಟ್ಸ್‌ವರೆಗೆ ಯಾವ ಆವರ್ತನಕ್ಕೆ ಬೇಕಾದರೂ ತಿರುಗುತ್ತವೆ. ಪೊಲೀಸ್, ಅಗ್ನಿಶಾಮಕ, ರೈಲ್ವೆ ಮೊದಲಾದವರ ಚಾನೆಲ್ಲುಗಳೂ ಇದೇ ವ್ಯಾಪ್ತಿಗಳಲ್ಲಿವೆ. ಪೆಟ್ಟಿಗೆಯಿಂದ ತೆಗೆದ ಸೆಟ್ಟು ಯಾವ ಚಾನೆಲ್ಲಿನಲ್ಲಿದೆ ಎಂದು ತಿಳಿಯದೆ ಗುಂಡಿ ಒತ್ತುವವನು ಯಾರ ತುರ್ತು ಮಾತನ್ನು ಮುಚ್ಚಿಹಾಕುತ್ತಿದ್ದಾನೋ ಅವನಿಗೇ ಗೊತ್ತಿರುವುದಿಲ್ಲ. ಈ ಮಾರಾಟವನ್ನು ನಿಯಂತ್ರಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದ್ದು, ಆವರ್ತನ ವ್ಯಾಪ್ತಿ, ಪರವಾನಗಿಯ ಅಗತ್ಯ, ಇಟಿಎ ಇವುಗಳ ವಿವರವನ್ನು ಸ್ಪಷ್ಟಪಡಿಸದೆ ಮಾರುವಂತಿಲ್ಲ. ಆದುದರಿಂದ ಕೊಳ್ಳುವ ಮೊದಲು ಈ ವಿವರಗಳನ್ನು ಬರಹದಲ್ಲಿ ಕೇಳಿ. ಕೊಡದವನಿಂದ ಕೊಳ್ಳಬೇಡಿ.

ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ಉಡುಗೊರೆಯಾಗಿ ತರುವ ಜೋಡಿ ಸೆಟ್ಟುಗಳ ವಿಷಯವೂ ಇದೇ. ಅಲ್ಲಿ ಮನೆಬಳಕೆಗೆ ಮುಕ್ತವಾಗಿರುವ 462 ಮತ್ತು 467 ಮೆಗಾಹರ್ಟ್ಸ್ ಚಾನೆಲ್ಲುಗಳು ಇಲ್ಲಿ ಮುಕ್ತವಲ್ಲ. ಅಲ್ಲಿ ಆಟಿಕೆಯಂತಿರುವುದು ಇಲ್ಲಿ ಅಪರಾಧವಾದೀತು.

ಹೆಚ್ಚು ದೂರ, ಹೆಚ್ಚು ಶಕ್ತಿ, ಅಥವಾ ರಿಪೀಟರ್ ಬೇಕಾದವರು ಸ್ವಂತ ಬಳಕೆಯ ಪರವಾನಗಿಗೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಜಾಲತಾಣದ ಮೂಲಕ ಅರ್ಜಿ ಹಾಕಬೇಕು. ಆವರ್ತನ ಹಂಚಿಕೆ, ಶುಲ್ಕ ಪಾವತಿ, ಸ್ಥಿರ ಆಂಟೆನಾ ನಿಲ್ಲಿಸುವ ಸ್ಥಳಕ್ಕೆ ಅನುಮೋದನೆ, ಕೊನೆಗೆ ಬಳಕೆಯ ಪರವಾನಗಿ, ಹೀಗೆ ಮೆಟ್ಟಿಲುಗಳಿವೆ. ವಾರ್ಷಿಕ ಶುಲ್ಕವು ಎಷ್ಟು ದೂರದ ವ್ಯಾಪ್ತಿ ಕೇಳಿದ್ದೀರಿ, ಎಷ್ಟು ಚಾನೆಲ್ ಕೇಳಿದ್ದೀರಿ ಎಂಬುದನ್ನು ಅವಲಂಬಿಸಿದೆ; ಮೂರು ಕಿಲೋಮೀಟರ್ ಸಾಕಾಗುವವರು ಮೂವತ್ತು ಬರೆದರೆ ಪ್ರತಿ ವರ್ಷ ತೆರಬೇಕಾದೀತು. ಹೊಸ ಕಾಯಿದೆಯಡಿ ನಮೂನೆಗಳು ಬದಲಾಗುತ್ತಿರುವುದರಿಂದ ಹಳೆಯ ಅರ್ಜಿಯ ನಕಲನ್ನು ನಂಬದೆ ಆ ದಿನ ಜಾರಿಯಲ್ಲಿರುವುದನ್ನು ನೋಡಿಕೊಳ್ಳಬೇಕು. ಕೆಲಸ ಮುಗಿಯಲು ತಿಂಗಳುಗಳೇ ಹಿಡಿಯಬಹುದು. ಸೆಟ್ಟುಗಳಿಗೆ ಮುಂಗಡ ಕೊಡುವುದು ಆವರ್ತನ ಕೈಗೆ ಬಂದ ಮೇಲೆ.

ಇಷ್ಟು ಓಡಾಟ ಬೇಡವೆನ್ನುವವರಿಗೆ ಇನ್ನೆರಡು ದಾರಿಗಳಿವೆ. ಒಂದು, ಪರವಾನಗಿ ಪಡೆದ ಟ್ರಂಕಿಂಗ್ ಸೇವಾ ಸಂಸ್ಥೆಗಳಿಂದ ಬಾಡಿಗೆಗೆ ಸಂಪರ್ಕ ಪಡೆಯುವುದು. ಎರಡು, ಸಿಮ್ ಕಾರ್ಡ್ ಹಾಕಿ ಮೊಬೈಲ್ ಜಾಲದ ಮೇಲೆ ನಡೆಯುವ, ನೋಟಕ್ಕೆ ಮಾತ್ರ ವಾಕಿಟಾಕಿಯಂತಿರುವ ಸೆಟ್ಟುಗಳು. ಎರಡನೆಯದರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಯ ಲಾರಿಯೊಡನೆಯೂ ಮಾತನಾಡಬಹುದು. ಮೊಬೈಲ್ ಟವರ್ ಕೈಕೊಟ್ಟರೆ ಅದೂ ಕೈಕೊಡುತ್ತದೆ ಎಂಬುದನ್ನು ಮರೆಯಬಾರದು.

ದೂರವನ್ನು ನಿರ್ಧರಿಸುವುದು ಎತ್ತರ

ಅಂಗಡಿಗೆ ಹೋದ ಕೂಡಲೇ ನಾವು ಕೇಳುವ ಪ್ರಶ್ನೆ ‘ಇದು ಎಷ್ಟು ವ್ಯಾಟ್?’ ಎಂಬುದು. ಕೇಳಬೇಕಾದದ್ದು ‘ಆಂಟೆನಾ ಎಷ್ಟು ಎತ್ತರದಲ್ಲಿದೆ?’ ಎಂಬುದು. ಈ ಸೆಟ್ಟುಗಳ ತರಂಗಗಳು ಹೆಚ್ಚುಕಡಿಮೆ ಬೆಳಕಿನಂತೆ ನೇರವಾಗಿ ಹೋಗುತ್ತವೆ. ಭೂಮಿಯ ಬಾಗು, ಗುಡ್ಡ, ಕಬ್ಬಿಣದ ಷೆಡ್ಡು ಇವುಗಳ ಮುಂದೆ ಸೋಲುತ್ತವೆ. ಇದಕ್ಕೊಂದು ಸುಲಭ ಲೆಕ್ಕವಿದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಎರಡೂ ಬದಿಯ ದೂರಗಳನ್ನು ಕೂಡಿಸಬೇಕು. ನಿಂತ ಮನುಷ್ಯನ ಕೈಯಲ್ಲಿ ಆಂಟೆನಾ ಸುಮಾರು 1.5 ಮೀಟರ್ ಎತ್ತರದಲ್ಲಿದ್ದರೆ ದಿಗಂತ 5 ಕಿಲೋಮೀಟರ್; ಇಬ್ಬರದೂ ಸೇರಿ 10. ಇದು ಬಟ್ಟಬಯಲಿನ ಮಾತು. ಪೀಣ್ಯದಂತಹ ಒತ್ತೊತ್ತಾದ ಕೈಗಾರಿಕಾ ಪ್ರದೇಶದಲ್ಲಿ ಅದು ಒಂದು ಕಿಲೋಮೀಟರಿಗೇ ಇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಡಬ್ಬಿಯ ಮೇಲೆ ಅಚ್ಚಾದ ‘ಹತ್ತು ಕಿಲೋಮೀಟರ್’ ಎಂಬ ಮಾತು ಸುಳ್ಳಲ್ಲದಿದ್ದರೂ ನಿಮ್ಮ ಅಂಗಳದ ಮಾತಲ್ಲ.

ವ್ಯಾಟ್ ಹೆಚ್ಚಿಸಿದರೆ? ಅಡ್ಡಿಯಿಲ್ಲದ ಬಯಲಿನಲ್ಲಿಯೂ ದೂರವನ್ನು ಎರಡರಷ್ಟು ಮಾಡಲು ಶಕ್ತಿಯನ್ನು ನಾಲ್ಕರಷ್ಟು ಮಾಡಬೇಕು. ಕಟ್ಟಡಗಳ ನಡುವೆ ಅದು ಹದಿನಾರರಷ್ಟೂ ಆಗಬಹುದು. 4 ವ್ಯಾಟಿನ ಸೆಟ್ಟಿನ ಬದಲು 5 ವ್ಯಾಟಿನದು ಕೊಂಡವನು ಬ್ಯಾಟರಿ ಬೇಗ ಖಾಲಿಯಾಗುವುದನ್ನು ಬಿಟ್ಟು ಮತ್ತಾವ ವ್ಯತ್ಯಾಸವನ್ನೂ ಕಾಣಲಾರನು. ಅದೇ ಮನುಷ್ಯ ಮಹಡಿಯ ಮೇಲೆ ಹತ್ತಿ ನಿಂತರೆ ವ್ಯತ್ಯಾಸ ತಾನೇ ಕಾಣುತ್ತದೆ.

ವಿಎಚ್‌ಎಫ್ ಎಂದು ಕರೆಯುವ 150 ಮೆಗಾಹರ್ಟ್ಸ್ ಆಸುಪಾಸಿನ ತರಂಗ ಸುಮಾರು 2 ಮೀಟರ್ ಉದ್ದದ್ದು. ಯುಎಚ್‌ಎಫ್‌ನ 450ರ ಆಸುಪಾಸಿನದು ಅದರ ಮೂರನೆಯ ಒಂದು ಭಾಗ. ತೋಟ, ಗದ್ದೆ, ಮರಗಿಡಗಳ ನಡುವೆ ಮೊದಲನೆಯದು ಮೇಲು. ಕಿಟಕಿ ಬಾಗಿಲುಗಳ ಸಂದಿಯಿಂದ ನುಸುಳಿ ಕಟ್ಟಡದೊಳಗೆ ಓಡಾಡುವುದರಲ್ಲಿ ಎರಡನೆಯದು ಮೇಲು. ಚಿಕ್ಕಮಗಳೂರಿನ ತೋಟದವರಿಗೆ ಒಪ್ಪಿದ ಸೆಟ್ಟು ಬೆಂಗಳೂರಿನ ಗೋದಾಮಿನವರಿಗೆ ಒಪ್ಪಬೇಕೆಂದಿಲ್ಲ.

ಇನ್ನೊಂದು ಮಾತು. ಅಂಗಡಿಯ ಮೇಜಿನ ಮೇಲೆ ಎರಡು ಸೆಟ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು ಮಾಡುವ ಪರೀಕ್ಷೆಗೆ ಬೆಲೆಯಿಲ್ಲ. ಅಷ್ಟು ಹತ್ತಿರದಲ್ಲಿ ಒಂದರ ಶಕ್ತಿ ಇನ್ನೊಂದರ ಗ್ರಾಹಕವನ್ನು ಕಿವುಡಾಗಿಸುತ್ತದೆ, ಇಲ್ಲವೇ ಶಿಳ್ಳೆ ಹೊಡೆಸುತ್ತದೆ. ಅದನ್ನು ಕಂಡು ಒಳ್ಳೆಯ ಸೆಟ್ಟನ್ನು ಹಿಂದಿರುಗಿಸಿದವರೂ ಇದ್ದಾರೆ.

ರಿಪೀಟರ್: ಎತ್ತರದಲ್ಲಿ ನಿಂತ ಮಧ್ಯಸ್ಥ

ಎಲ್ಲರೂ ಮಹಡಿ ಹತ್ತಿ ನಿಲ್ಲಲು ಸಾಧ್ಯವಿಲ್ಲವಲ್ಲ. ಆ ಕೆಲಸವನ್ನು ಎಲ್ಲರ ಪರವಾಗಿ ಮಾಡುವ ಯಂತ್ರವೇ ರಿಪೀಟರ್. ಎತ್ತರದಲ್ಲಿ ಕುಳಿತು ಒಂದು ಆವರ್ತನದಲ್ಲಿ ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಹೆಚ್ಚಿನ ಶಕ್ತಿಯಿಂದ ಮರುಪ್ರಸಾರ ಮಾಡುತ್ತದೆ. ಆದ್ದರಿಂದ ರಿಪೀಟರ್ ಬಳಸುವ ಕೈಸೆಟ್ಟು ಒಂದು ಆವರ್ತನದಲ್ಲಿ ಹೇಳಿ ಮತ್ತೊಂದರಲ್ಲಿ ಕೇಳಬೇಕು. ಎರಡು ಆವರ್ತನಗಳೂ ಪರವಾನಗಿಯಲ್ಲಿ ಇರಬೇಕು. ವಿನಾಯಿತಿಯ ಸಣ್ಣ ಸೆಟ್ಟುಗಳನ್ನು ಕೊಂಡು ಅವಕ್ಕೆ ಆಮೇಲೆ ರಿಪೀಟರ್ ಹಾಕಿಸಿಕೊಳ್ಳೋಣ ಎನ್ನುವವರು ಈ ಅಂಶವನ್ನು ಗಮನಿಸತಕ್ಕದ್ದು. ಮೊಬೈಲ್ ಸಂಕೇತ ಹೆಚ್ಚಿಸಲು ಕೆಲವರು ಗುಟ್ಟಾಗಿ ಹಾಕಿಸುವ ಪೆಟ್ಟಿಗೆಗೂ ರಿಪೀಟರ್ ಎಂದೇ ಹೆಸರು. ಅದು ಬೇರೆ ಯಂತ್ರ, ಅನುಮತಿಯಿಲ್ಲದೆ ಹಾಕಿಸುವುದು ಕಾನೂನುಬಾಹಿರ, ಇಲ್ಲಿನ ವಿಷಯಕ್ಕೆ ಸಂಬಂಧಿಸಿದ್ದಲ್ಲ.

ಮೇಲಿನ ಲೆಕ್ಕವನ್ನೇ ರಿಪೀಟರಿಗೆ ಹಾಕಿ ನೋಡಿ. ಆಂಟೆನಾ 30 ಮೀಟರ್ ಎತ್ತರದಲ್ಲಿದ್ದರೆ ಅದರ ದಿಗಂತ 22 ಕಿಲೋಮೀಟರಿಗೂ ಹೆಚ್ಚು. ಕೈಸೆಟ್ಟಿನ 5 ಸೇರಿದರೆ 27. ಎದುರುಬದುರು ದಿಕ್ಕಿನಲ್ಲಿರುವ ಇಬ್ಬರು, ಕಾಗದದ ಮೇಲಾದರೂ, 50 ಕಿಲೋಮೀಟರ್ ಅಂತರದಲ್ಲಿ ಮಾತನಾಡಬಹುದು.

ಆದರೆ ಹೊಸಬರು ಎಡವುವ ಸ್ಥಳ ಇಲ್ಲಿದೆ. ರಿಪೀಟರ್ 25 ಅಥವಾ 50 ವ್ಯಾಟಿನಲ್ಲಿ ಮಾತನಾಡುತ್ತದೆ. ನಿಮ್ಮ ಕೈಸೆಟ್ಟು ನಾಲ್ಕೈದು ವ್ಯಾಟಿನಲ್ಲಿ. ದೂರದಲ್ಲಿರುವವನಿಗೆ ರಿಪೀಟರ್ ಗಂಟೆ ಹೊಡೆದಂತೆ ಕೇಳುತ್ತದೆ, ಅವನ ಉತ್ತರ ಮಾತ್ರ ರಿಪೀಟರನ್ನು ಮುಟ್ಟುವುದಿಲ್ಲ. ‘ನಮಗೆ ಕೇಳುತ್ತಿದೆ, ಅವರೇ ಉತ್ತರ ಕೊಡುವುದಿಲ್ಲ’ ಎಂದು ಕೆಲಸಗಾರರು ಒಬ್ಬರನ್ನೊಬ್ಬರು ದೂರುವುದಕ್ಕೆ ಕಾರಣ ಬಹಳ ಸಲ ಇದೇ ಆಗಿರುತ್ತದೆ. ಇದಕ್ಕೆ ಪರಿಹಾರ ರಿಪೀಟರಿನ ಆಂಟೆನಾವನ್ನು ಇನ್ನಷ್ಟು ಎತ್ತರಿಸುವುದು, ಅಥವಾ ದೂರದ ವಾಹನದಲ್ಲಿ ಮಾಳಿಗೆಯ ಮೇಲೆ ಆಂಟೆನಾ ಇರುವ ಸ್ಥಿರ ಸೆಟ್ಟನ್ನು ಹಾಕುವುದು. ರಿಪೀಟರಿನ ವ್ಯಾಟ್ ಹೆಚ್ಚಿಸಿದರೆ ಜಗಳ ಹೆಚ್ಚುತ್ತದೆ, ಸಂಪರ್ಕವಲ್ಲ.

ಎರಡನೆಯ ತಪ್ಪು ಕೇಬಲಿನದು. ರಿಪೀಟರನ್ನು ಕಚೇರಿಯಲ್ಲಿಟ್ಟು, ಆಂಟೆನಾವನ್ನು ಮೂವತ್ತು ಮೀಟರ್ ಮೇಲೆ ನಿಲ್ಲಿಸಿ, ನಡುವೆ ಆರ್‌ಜಿ-58 ಎಂಬ ಅಗ್ಗದ ಸಣ್ಣ ಕೇಬಲ್ ಎಳೆಸುವವರಿದ್ದಾರೆ. 450 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದದ ಆ ಕೇಬಲ್ ಸುಮಾರು 10 ಡೆಸಿಬಲ್ ನುಂಗುತ್ತದೆ. ಅಂದರೆ 25 ವ್ಯಾಟ್ ಹೊರಟರೆ ಆಂಟೆನಾಕ್ಕೆ ಸೇರುವುದು ಎರಡೂವರೆ. ಮೇಲಿನಿಂದ ಕೆಳಗೆ ಬರುವ ಕ್ಷೀಣ ಸಂಕೇತಕ್ಕೂ ಅದೇ ಗತಿ. ದಪ್ಪನೆಯ, ನಷ್ಟ ಕಡಿಮೆಯ ಕೇಬಲಿನ ಬೆಲೆ ಕಂಡು ಹಿಂಜರಿಯುವವರು ಯಂತ್ರದಲ್ಲಿ ಉಳಿಸಿದರೂ ಚಿಂತೆಯಿಲ್ಲ, ಇದರಲ್ಲಿ ಉಳಿಸಬಾರದು. ಜೋಡಣೆಗಳಿಗೆ ಮಳೆನೀರು ಇಳಿಯದಂತೆ ಸುತ್ತುಪಟ್ಟಿ, ಮಿಂಚು ತಡೆ, ಸರಿಯಾದ ಭೂಸಂಪರ್ಕ ಇವು ಕಡ್ಡಾಯ. ಮುಂಗಾರಿನ ಮೊದಲ ಗುಡುಗಿಗೇ ಯಂತ್ರ ಸುಟ್ಟುಹೋದರೆ ಬದಲಿ ತರಿಸುವವರೆಗೆ ಎಲ್ಲ ಕೈಸೆಟ್ಟುಗಳೂ ಮೂಕವಾಗುತ್ತವೆ.

ಮೂಕವಾಗದಿರಲು ಒಂದು ಉಪಾಯವಿದೆ. ಪ್ರತಿ ಸೆಟ್ಟಿನಲ್ಲಿಯೂ ರಿಪೀಟರಿನ ಮೂಲಕ ಹೋಗುವ ಚಾನೆಲ್ ಒಂದು, ರಿಪೀಟರಿನ ಹಂಗಿಲ್ಲದೆ ನೇರವಾಗಿ ಮಾತನಾಡುವ ಚಾನೆಲ್ ಇನ್ನೊಂದು, ಎರಡನ್ನೂ ಮಾರಾಟಗಾರರಿಂದ ಹಾಕಿಸಿಕೊಳ್ಳಬೇಕು. ವಿದ್ಯುತ್ ಹೋಗಿ ರಿಪೀಟರಿನ ಬ್ಯಾಟರಿಯೂ ಖಾಲಿಯಾದ ದಿನ ಹತ್ತಿರದಲ್ಲಿರುವವರಾದರೂ ಪರಸ್ಪರ ಮಾತನಾಡಿಕೊಳ್ಳಬಹುದು. ಅರ್ಜಿ ಹಾಕುವಾಗಲೇ ಇದನ್ನು ಸೇರಿಸುವುದು ಒಳ್ಳೆಯದು. ಒಂದೇ ಗೋದಾಮಿನಲ್ಲಿರುವ ಇಬ್ಬರು ತಮ್ಮೊಳಗಿನ ಮಾತಿಗೆ ರಿಪೀಟರನ್ನು ಹಿಡಿದಿಟ್ಟುಕೊಳ್ಳುವುದೂ ಇದರಿಂದ ತಪ್ಪುತ್ತದೆ.

ರಿಪೀಟರಿನಲ್ಲಿ ಒಬ್ಬರು ಮಾತನಾಡುವಾಗ ಮಿಕ್ಕವರೆಲ್ಲ ಕಾಯಬೇಕು. ಯಾರದೋ ಸೆಟ್ಟು ಕುರ್ಚಿಯ ಸಂದಿಯಲ್ಲಿ ಸಿಕ್ಕಿ ಗುಂಡಿ ಒತ್ತಿಕೊಂಡೇ ಇದ್ದರೆ ಇಡೀ ವ್ಯವಸ್ಥೆ ನಿಂತುಹೋಗುತ್ತದೆ. ಅದಕ್ಕಾಗಿಯೇ ನಿಗದಿತ ಅವಧಿಯ ನಂತರ ಪ್ರಸಾರವನ್ನು ತಾನಾಗಿ ಕಡಿಯುವ ಸಮಯಮಿತಿ ಇರುತ್ತದೆ. ಮೂರು ನಿಮಿಷದ ಮಿತಿಯನ್ನು ಒಂದು ನಿಮಿಷಕ್ಕೆ ಇಳಿಸಿಕೊಳ್ಳಿ. ಒಂದು ನಿಮಿಷದಲ್ಲಿ ಹೇಳಲಾಗದ್ದನ್ನು ಎದ್ದು ಹೋಗಿ ಹೇಳುವುದೇ ಮೇಲು.

ಸಿಟಿಸಿಎಸ್‌ಎಸ್ ಎಂಬ ಸ್ವರದ ಬಗೆಗೆ ತಪ್ಪು ತಿಳಿವಳಿಕೆಯೊಂದು ಹರಡಿದೆ. ಮಾತಿನ ಜೊತೆಗೆ ಕಿವಿಗೆ ಕೇಳದಂತೆ ಹೋಗುವ, 67 ಹರ್ಟ್ಸ್‌ನಿಂದ 254 ಹರ್ಟ್ಸ್‌ವರೆಗಿನ ಯಾವುದಾದರೊಂದು ಮಂದ್ರ ಸ್ವರ ಅದು. ನಿಮ್ಮ ಸ್ವರವಿಲ್ಲದ ಮಾತು ಬಂದರೆ ನಿಮ್ಮ ಸೆಟ್ಟು ಬಾಯಿ ತೆರೆಯುವುದಿಲ್ಲ, ರಿಪೀಟರೂ ಎಚ್ಚರಗೊಳ್ಳುವುದಿಲ್ಲ. ಹೊಸ ಸೆಟ್ಟಿನಿಂದ ರಿಪೀಟರ್ ಸಿಗುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಈ ಸ್ವರ ಹೊಂದಿದೆಯೇ ಎಂಬುದನ್ನು. ಕೆಲವು ಕಂಪನಿಗಳು ಇದಕ್ಕೆ ಗೋಪ್ಯ ಸಂಕೇತ ಎಂದು ಹೆಸರಿಟ್ಟು ಮಾರುತ್ತವೆ. ಗೋಪ್ಯತೆ ಎಳ್ಳಷ್ಟೂ ಇಲ್ಲ. ನಿಮಗೆ ಪರರ ಮಾತು ಕೇಳುವುದಿಲ್ಲ, ಪರರಿಗೆ ನಿಮ್ಮದು ಕೇಳುತ್ತದೆ. ‘ಕ್ಯಾಷು ಬ್ಯಾಂಕಿಗೆ ಹೊರಟಿತು, ಹಿಂದಿನ ಗೇಟಿನಿಂದ’ ಎಂದು ಸಾಧಾರಣ ವಾಕಿಟಾಕಿಯಲ್ಲಿ ಹೇಳುವ ವರ್ತಕರು ಸ್ವಲ್ಪ ಯೋಚಿಸಬೇಕು. ಡಿಜಿಟಲ್ ಸೆಟ್ಟುಗಳಲ್ಲಿ ನಿಜವಾದ ಗೂಢಲಿಪಿಯ ಸೌಲಭ್ಯ ಸಿಗಬಹುದು. ಬಳಸಲು ಅನುಮತಿಯಿದೆಯೇ ಎಂಬುದನ್ನು ಪರವಾನಗಿಯ ಷರತ್ತಿನಲ್ಲಿ ನೋಡಿಕೊಳ್ಳಿ.

ಡಿಎಂಆರ್ ಬಗೆಯ ಡಿಜಿಟಲ್ ವ್ಯವಸ್ಥೆಗೆ ಇನ್ನೊಂದು ಲಾಭವಿದೆ. 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನೆಲ್ಲನ್ನು 30 ಮಿಲಿಸೆಕೆಂಡಿನ ಸರದಿಗಳಲ್ಲಿ ಹಂಚಿಕೊಂಡು ಎರಡು ಸಂಭಾಷಣೆಗಳು ಏಕಕಾಲಕ್ಕೆ ನಡೆಯುತ್ತವೆ. ಆದರೆ ಹಳೆಯ ಬಗೆಯ ಸೆಟ್ಟಿನಲ್ಲಿ ದೂರ ಹೋದಂತೆ ಗರಗರ ಸದ್ದು ಹೆಚ್ಚಿ ಎಚ್ಚರಿಕೆ ಕೊಡುತ್ತದೆ. ಡಿಜಿಟಲ್ಲಿನಲ್ಲಿ ಮಾತು ಕೊನೆಯವರೆಗೂ ಸ್ಪಷ್ಟವಾಗಿದ್ದು ಒಮ್ಮೆಲೇ ನಿಂತುಬಿಡುತ್ತದೆ.

ಕನ್ನಡದಲ್ಲಿ ಮಾತನಾಡುವಾಗ

ಈಗ ಕ್ರೇನಿನ ಘಟನೆಗೆ ಬರೋಣ. ವಾಕಿಟಾಕಿಯ ಪುಸ್ತಿಕೆಗಳು ಹೆಚ್ಚಾಗಿ ಇಂಗ್ಲಿಷಿನವು; ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತನಾಡಿ ಎಂದು ಅವು ಒತ್ತಿ ಹೇಳುತ್ತವೆ. ಅದು ಸರಿಯಾದ ಸಲಹೆ. ಸೆಟ್ಟು ಪ್ರಸಾರಕ್ಕೆ ಬರಲು, ರಿಪೀಟರ್ ಎಚ್ಚರಗೊಳ್ಳಲು ಸ್ವಲ್ಪ ಕಾಲ ಬೇಕು. ಕೂಡಲೇ ಆರಂಭಿಸಿದರೆ ಮೊದಲ ಪದ ನುಂಗಿಹೋಗುತ್ತದೆ. ಇಂಗ್ಲಿಷಿನ ‘ಡೋಂಟ್’, ಹಿಂದಿಯ ‘ಮತ್’ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಮೊದಲು ಬರುವುದರಿಂದ ಅಪಾಯ ಮಾತಿನ ಆರಂಭದಲ್ಲಿದೆ. ಕನ್ನಡದಲ್ಲಿ ನಿಷೇಧ ಬರುವುದು ಪದದ ಕೊನೆಯಲ್ಲಿ. ಇಳಿಸಬೇಡ, ಎತ್ತಬೇಡ, ಬಿಡಬೇಡ. ಬೆರಳು ಬೇಗ ಎದ್ದರೆ ‘ಬೇಡ’ ಹೋಗಿ, ಮಾಡಬಾರದೆಂದ ಕೆಲಸದ ಹೆಸರಷ್ಟೇ ಉಳಿಯುತ್ತದೆ. ನಮ್ಮವರು ಗುಂಡಿ ಒತ್ತಿದ ಮೇಲೆ ಒಂದು ಕ್ಷಣ, ಮಾತು ಮುಗಿದ ಮೇಲೆ ಇನ್ನೊಂದು ಕ್ಷಣ, ಎರಡು ಕಡೆಯೂ ತಡೆಯಬೇಕು.

ಇಷ್ಟಕ್ಕೇ ನಂಬಿ ಕೂರಬಾರದು. ನಮ್ಮ ಕಾರ್ಖಾನೆಯಲ್ಲಿ ಅಂದಿನಿಂದ ವಾಕಿಟಾಕಿಯಲ್ಲಿ ‘ಬೇಡ’ ಎಂಬ ಪದವನ್ನೇ ತೆಗೆದುಹಾಕಿದೆವು. ನಿಲ್ಲಿಸಬೇಕಾದರೆ ‘ಸ್ಟಾಪ್, ಸ್ಟಾಪ್, ಸ್ಟಾಪ್’. ಬಿಹಾರ, ಒಡಿಶಾದಿಂದ ಬಂದ ಚಾಲಕರಿಗೂ ಅದು ತಿಳಿಯುತ್ತದೆ. ಭಾರ ಎತ್ತುವಾಗ ಸೂಚನೆ ಕೊಡುವವನು ‘ಮೇಲೆ, ಮೇಲೆ, ಮೇಲೆ’ ಎಂದು ಹೇಳುತ್ತಲೇ ಇರುತ್ತಾನೆ. ಅವನ ದನಿ ನಿಂತ ಕ್ಷಣ ಕ್ರೇನೂ ನಿಲ್ಲಬೇಕು. ಬ್ಯಾಟರಿ ಮುಗಿದರೂ, ಸಂಕೇತ ಕಡಿದರೂ, ಮಾತನಾಡುವವನು ಬಿದ್ದರೂ ಮೌನವೇ ‘ನಿಲ್ಲು’ ಎಂಬ ಆಜ್ಞೆಯಾಗುತ್ತದೆ. ಭಾರ ಎತ್ತುವ ಕೆಲಸದಲ್ಲಿ ಪಳಗಿದವರೆಲ್ಲ ಪಾಲಿಸುವ ಕ್ರಮ ಇದು. ನಮಗೆ ತಿಳಿದದ್ದು ಪೀಠ ಬಿರುಕುಬಿಟ್ಟ ಮೇಲೆ. ಇಂಥ ಕೆಲಸಕ್ಕೆ ರಿಪೀಟರ್ ಚಾನೆಲ್ ಬಳಸಬಾರದು; ಬೇರೆಯವರು ನುಸುಳದ, ನೇರವಾದ ಪ್ರತ್ಯೇಕ ಚಾನೆಲ್ ಇರಬೇಕು. ಈ ಸೆಟ್ಟುಗಳಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಬಲವಾದ ಸಂಕೇತ ದುರ್ಬಲವಾದುದನ್ನು ಮುಚ್ಚಿಹಾಕುತ್ತದೆ. ಗೇಟಿನವನು ಚಹಾ ಬಂತೆಂದು ಹೇಳುವ ಹೊತ್ತಿಗೇ ಕ್ರೇನಿನ ಕೆಳಗಿನವನು ‘ಸ್ಟಾಪ್’ ಎಂದರೆ ಕೇಳುವುದು ಚಹಾದ ಸುದ್ದಿಯಾಗಿರಬಹುದು.

ಸಂಖ್ಯೆಗಳಲ್ಲಿಯೂ ಎಚ್ಚರ ಬೇಕು. ಈ ಸೆಟ್ಟುಗಳು ಸುಮಾರು 300 ರಿಂದ 3000 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತವೆ. ಸೂಕ್ಷ್ಮವಾದ ವ್ಯಂಜನಗಳು ಸವೆದುಹೋಗುತ್ತವೆ. ಒಂಬತ್ತು, ಎಂಬತ್ತು, ತೊಂಬತ್ತು ಮೂರೂ ಒಂದೇ ಆಗಿ ಕೇಳಿಸುತ್ತವೆ. ಒಂಬತ್ತು ಚೀಲದ ಬದಲು ಎಂಬತ್ತು ಚೀಲ ಲಾರಿ ಹತ್ತಿದ ಪ್ರಸಂಗವನ್ನು ವರ್ತಕ ಮಿತ್ರರೊಬ್ಬರು ನಗುತ್ತಲೇ ಹೇಳಿದರು, ಅಂದು ನಕ್ಕಿರಲಾರರು. ಅಂಕಿಗಳನ್ನು ಬಿಡಿಬಿಡಿಯಾಗಿ ‘ಎಂಟು, ಸೊನ್ನೆ’ ಎಂದು ಹೇಳಿ, ಕೇಳಿದವರಿಂದ ಮರಳಿ ಹೇಳಿಸಬೇಕು. ‘ಏಳು’ ಎಂದರೆ ಸಂಖ್ಯೆಯೂ ಹೌದು, ಎದ್ದೇಳು ಎಂಬ ಆಜ್ಞೆಯೂ ಹೌದು. ‘ಹತ್ತು’ ಎಂಬುದಕ್ಕೂ ಹಾಗೆಯೇ ಎರಡರ್ಥ. ಏಣಿಯ ಬುಡದಲ್ಲಿ ನಿಂತವನಿಗೆ ‘ಹತ್ತು’ ಎಂದರೆ ಅವನು ಎಣಿಸಬೇಕೋ ಏರಬೇಕೋ? ‘ಹತ್ತು ನಗ’, ‘ಹತ್ತು ಅಡಿ’ ಎಂದು ಹಿಂದೆ ಒಂದು ಪದ ಸೇರಿಸುವ ಅಭ್ಯಾಸ ಮಾಡಿಸಿ.

ಕರೆಯುವಾಗ ವ್ಯಕ್ತಿಯ ಹೆಸರಿಗಿಂತ ಸ್ಥಳದ ಹೆಸರು ಮೇಲು, ಏಕೆಂದರೆ ಪಾಳಿ ಬದಲಾದರೂ ಗೇಟು ಗೇಟೇ. ಯಾರನ್ನು ಕರೆಯುತ್ತೀರೋ ಅವರ ಹೆಸರು ಮೊದಲು, ನಿಮ್ಮದು ನಂತರ: ‘ಗೋದಾಮು, ಗೋದಾಮು, ಇದು ಗೇಟ್.’ ಮಾತು ಮುಗಿದಾಗ ‘ಓವರ್’ ಎನ್ನಲು ನಮ್ಮವರು ನಾಚುತ್ತಾರೆ, ಸಿನಿಮಾ ಪೊಲೀಸರ ಮಾತೆಂದು ನಗುತ್ತಾರೆ. ‘ಹೇಳಿ’ ಎಂದರೂ ಕೆಲಸ ನಡೆಯುತ್ತದೆ. ಸೆಟ್ಟನ್ನು ಬಾಯಿಂದ ಎರಡು ಮೂರು ಅಂಗುಲ ದೂರದಲ್ಲಿ, ಆಂಟೆನಾ ನೇರ ಮೇಲಕ್ಕಿರುವಂತೆ ಹಿಡಿದು, ಸಹಜ ದನಿಯಲ್ಲಿ ಮಾತನಾಡಬೇಕು. ಕೂಗಿದರೆ ಮಾತು ಒಡೆಯುತ್ತದೆಯೇ ಹೊರತು ದೂರ ಹೋಗುವುದಿಲ್ಲ.

ಸೆಟ್ಟನ್ನು ಆಂಟೆನಾ ಹಿಡಿದು ಎತ್ತಬಾರದು. ಆಂಟೆನಾ ಇಲ್ಲದೆ ಗುಂಡಿ ಒತ್ತಬಾರದು. ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂಬ ಕಂಪನಿಯ ಲೆಕ್ಕ ಬಹುತೇಕ ನೂರರಲ್ಲಿ ಐದು ಪಾಲು ಮಾತು, ಐದು ಪಾಲು ಕೇಳುವಿಕೆ, ತೊಂಬತ್ತು ಪಾಲು ಸುಮ್ಮನಿರುವಿಕೆ ಎಂಬ ಊಹೆಯದು. ಮಾತುಗಾರರ ಕೈಗೆ ಕೊಟ್ಟರೆ ಅರ್ಧ ದಿನವೂ ಬಾರದು.

ಎಲ್ಲಿ ಬಳಸಬಾರದು

ಕಲ್ಲುಗಣಿಯವರು ಇದನ್ನು ಗಮನವಿಟ್ಟು ಓದಬೇಕು. ವಿದ್ಯುತ್ ಸಿಡಿಮದ್ದಿನ ಕೇಪುಗಳ ತಂತಿಗಳು ಆಂಟೆನಾದಂತೆ ವರ್ತಿಸಬಲ್ಲವು; ಹತ್ತಿರದಲ್ಲಿ ವಾಕಿಟಾಕಿಯ ಗುಂಡಿ ಒತ್ತಿದರೆ ಅವುಗಳಲ್ಲಿ ವಿದ್ಯುತ್ ಹರಿದು ಅಕಾಲದಲ್ಲಿ ಸಿಡಿಯುವ ಸಾಧ್ಯತೆಯಿದೆ. ಸ್ಫೋಟದ ಹೊಣೆ ಹೊತ್ತ ಪರಿಣತನು ಗೊತ್ತುಪಡಿಸಿದ ಅಂತರದೊಳಗೆ ಸೆಟ್ಟನ್ನು ಆರಿಸಿಯೇ ಇಡತಕ್ಕದ್ದು. ಪೆಟ್ರೋಲು, ಥಿನ್ನರ್, ಬಣ್ಣ, ಅನಿಲ ಅಥವಾ ಹಿಟ್ಟಿನ ಧೂಳು ತುಂಬಿದ ಜಾಗಗಳಲ್ಲಿ ಕಿಡಿ ಹೊಮ್ಮದಂತೆ ವಿಶೇಷವಾಗಿ ತಯಾರಿಸಿದ ಸೆಟ್ಟು ಮತ್ತು ಅದೇ ಬಗೆಯ ಬ್ಯಾಟರಿ ಬೇಕು; ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಅನುಮೋದನೆ ಇದೆಯೇ ಎಂದು ಕೇಳಬೇಕು. ಅಂಥ ಸೆಟ್ಟಿಗೆ ಸಾಧಾರಣ ಬ್ಯಾಟರಿ ಸಿಕ್ಕಿಸಿದರೆ ಆ ರಕ್ಷಣೆ ಅಲ್ಲಿಗೆ ಮುಗಿಯಿತು.

ರೇಡಿಯೋ ವಿದ್ಯೆಯನ್ನೇ ಕಲಿಯುವ ಆಸಕ್ತಿಯುಳ್ಳವರಿಗೆ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಉತ್ತಮ ಶಾಲೆ. ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ಬೆಂಗಳೂರಿನಲ್ಲಿ ಈ ಹವ್ಯಾಸಕ್ಕೆ ಹಳೆಯ ಪರಂಪರೆಯೇ ಇದೆ. 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳು ಸಂದೇಶಗಳನ್ನು ಮುಖ್ಯಭೂಮಿಗೆ ಮುಟ್ಟಿಸಿದ್ದರು. ಆದರೆ ಆ ಪರವಾನಗಿಯಲ್ಲಿ ವ್ಯಾಪಾರದ ಮಾತು ನಿಷಿದ್ಧ. ಹ್ಯಾಮ್ ರಿಪೀಟರಿನಲ್ಲಿ ಲಾರಿಗೆ ದಾರಿ ಹೇಳುವಂತಿಲ್ಲ.

ಕೊಳ್ಳುವ ಮೊದಲು ನಡೆದು ನೋಡಿ

ಪ್ರಾತ್ಯಕ್ಷಿಕೆಗೆ ಅನುಮತಿಯುಳ್ಳ ಮಾರಾಟಗಾರರನ್ನು ಸ್ಥಳಕ್ಕೇ ಕರೆಸಿ. ನಿಮ್ಮ ಕಟ್ಟಡದ ನಕ್ಷೆಯ ಎರಡು ಪ್ರತಿ ತೆಗೆದು, ಒಬ್ಬರು ಕಚೇರಿಯಲ್ಲಿ ಕುಳಿತು, ಇನ್ನೊಬ್ಬರು ಮೂಲೆಮೂಲೆಗೆ ನಡೆಯಲಿ: ಬಾಯ್ಲರಿನ ಹಿಂದೆ, ನೆಲಮಾಳಿಗೆ, ತಗಡಿನ ಷೆಡ್ಡು, ಲಿಫ್ಟು, ಲಾರಿ ನಿಲ್ಲುವ ಹಿಂಬದಿ. ಪ್ರತಿ ಸ್ಥಳದಿಂದ ಒಂದು ವಾಕ್ಯ ಹೇಳಿ, ಸ್ಪಷ್ಟತೆಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು ಇಬ್ಬರೂ ತಮ್ಮ ತಮ್ಮ ನಕ್ಷೆಯಲ್ಲಿ ಗುರುತಿಸಬೇಕು. ಯಂತ್ರಗಳು ಓಡುತ್ತಿರುವ ಹೊತ್ತಿನಲ್ಲಿ, ಗೋದಾಮಿನಲ್ಲಿ ಸರಕು ತುಂಬಿರುವಾಗ ಇದನ್ನು ಮಾಡುವುದು ಮುಖ್ಯ. ಭಾನುವಾರದ ಖಾಲಿ ಕಾರ್ಖಾನೆಯ ಫಲಿತಾಂಶ ಸೋಮವಾರಕ್ಕೆ ಬಾರದು. ಎರಡು ನಕ್ಷೆಗಳನ್ನು ಹೋಲಿಸಿದರೆ ಯಾವ ಮೂಲೆಯಿಂದ ಕೇಳುತ್ತದೆ ಆದರೆ ಹೇಳಲಾಗುವುದಿಲ್ಲ ಎಂಬುದೂ ತಿಳಿಯುತ್ತದೆ. ನಮ್ಮಲ್ಲಿ ರಿಪೀಟರ್ ಬೇಕೆಂದು ಒಂದು ವರ್ಷ ಚರ್ಚಿಸಿದ್ದೆವು. ಹೀಗೆ ನಡೆದು ನೋಡಿದಾಗ ಸೊನ್ನೆ ಅಂಕ ಬಂದದ್ದು ಎರಡೇ ಮೂಲೆಗಳಿಗೆ. ಅಲ್ಲಿ ಕೆಲಸ ಮಾಡುವವರಿಗೆ ಬಾಗಿಲ ಬಳಿಗೆ ಬಂದು ಮಾತನಾಡಲು ಹೇಳಿದೆವು. ಆ ನಕ್ಷೆಯ ಒಂದು ಪ್ರತಿ ಈಗಲೂ ಕಾವಲುಗಾರನ ಕೊಠಡಿಯ ಗೋಡೆಯ ಮೇಲಿದ್ದು, ಹೊಸದಾಗಿ ಸೇರಿದವರಿಗೆ ಮೊದಲ ದಿನ ಅದನ್ನೇ ತೋರಿಸುತ್ತೇವೆ.